ಮ್ಯುಗೆ ಸೆಂಟು ಹಚ್ಚಿಕೊಂಡ ಮಧ್ಯಾಹ್ನ

ಲಾ ಪಿಯೆರ್ ಬ್ಲಾಂಶ್, ನಾಂಟ್ ಹತ್ತಿರ
24 ಮಾರ್ಚ್ 1974, ಭಾನುವಾರ

ಓಡೆಟ್,

ಕವರಿನ ಮೇಲಿನ ಅಕ್ಷರ ನೋಡಿಯೇ ಇದು ಅಕ್ಕನ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಎಸೆಯುವ ಮೊದಲು ಓದು. ಯಾರೂ ಸತ್ತಿಲ್ಲ. ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ ಎಂದರೆ ನನಗೆ ಬೇರೆ ದಾರಿಯಿಲ್ಲ ಎಂದೇ ತಿಳಿ. ನನಗೆ ಗೊತ್ತಿರುವವರಲ್ಲಿ ಸೆಂಟಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು ನೀನೊಬ್ಬಳೇ.

ವಿಷಯ ಇದು. ನಮ್ಮ ಮ್ಯುಗೆ ಹೂವಿನ ಮಡಿಗಳ ಮೇಲೆ ಮುಚ್ಚುವ ಚೌಕಟ್ಟುಗಳಿಗೆ ಗಾಜು ಕೂರಿಸಲು ಅರಿಸ್ತೀದ್ ಮೆನೊರೆ ಎಂಬವರು ಬರುತ್ತಾರೆ. ನೀನು ಅವರನ್ನು ನೋಡಿಲ್ಲ, ಹಳೇ ಗಾಜಿನವನು ಹೋದ ಮೇಲೆ ಬಂದವರು. ಹೆಂಡತಿ ತೀರಿಕೊಂಡು ಎಂಟು ವರ್ಷ. ಮೊನ್ನೆ ಶುಕ್ರವಾರ ಆಲಿಕಲ್ಲಿಗೆ ಒಡೆದ ಹನ್ನೊಂದು ಗಾಜು ಹಾಕಿ ಮುಗಿಸಿ, ಕೈ ಒರೆಸಿಕೊಂಡು, ಏಪ್ರನ್ನಿನ ಜೇಬಿನಿಂದ ನ್ಯೂಸ್‌ಪೇಪರ್ ಸುತ್ತಿದ ಒಂದು ಪೊಟ್ಟಣ ತೆಗೆದರು. "ಮದಾಮ್ ಗಿಲ್ಬೋ, ಇದು ನಿಮಗೆ" ಎಂದರು.

ಬಿಚ್ಚಿ ನೋಡಿದರೆ ಸೆಂಟಿನ ಸೀಸೆ. ಕತ್ತಿಗೆ ಹಸಿರು ದಾರ, ಮೈಮೇಲೆ ಗಂಟೆಯಂಥ ಪುಟ್ಟ ಬಿಳಿ ಹೂಗಳ ಚಿತ್ರ. ಮ್ಯುಗೆ! ನನಗೆ ಮ್ಯುಗೆ ಸೆಂಟು! ಮೂವತ್ತೆರಡು ವರ್ಷದಿಂದ ಈ ಹೂವಿನ ಗೆಡ್ಡೆ ನೆಟ್ಟು, ಸೊಂಟ ಬಗ್ಗಿಸಿ ಕಿತ್ತು, ಏಪ್ರಿಲ್ ತಿಂಗಳಿಡೀ ಕುಡಿದ ಸೂಪಿನಲ್ಲೂ ಇದರದೇ ವಾಸನೆ ಹಿಡಿದವಳು ನಾನು. ಮೀನು ಮಾರುವವಳಿಗೆ ಯಾರಾದರೂ ಮೀನಿನ ಸೆಂಟು ಕೊಡುತ್ತಾರೆಯೇ? ಹಾಗೆಂದು ಹೇಳಲು ಬಾಯಿ ತೆರೆದಿದ್ದೆ. ಆ ಮನುಷ್ಯನ ಕಿವಿ ಎರಡೂ ಕೆಂಪಾಗಿದ್ದವು. ಸೀಸೆಯನ್ನು ಮತ್ತೆ ಪೇಪರಿನಲ್ಲಿ ಸುತ್ತಿದೆ.

ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಕೊಯ್ಲು ಮುಗಿದ ದಿನ ನಿಮ್ಮಲ್ಲಿ ಊಟಕ್ಕೆ ಕರೀತೀರಲ್ಲ, ಅವತ್ತು ಇದನ್ನ ಹಚ್ಕೊಂಡಿದ್ರೆ ಒಪ್ಪಿಗೆ ಅಂತ ತಿಳ್ಕೋತೀನಿ. ಹಚ್ಕೊಳ್ದೇ ಇದ್ರೆ ಅದೂ ಅರ್ಥ ಆಗುತ್ತೆ. ಮತ್ತೆ ಈ ಮಾತು ಎತ್ತಲ್ಲ ಮದಾಮ್." ಅಷ್ಟು ಹೇಳಿ ವ್ಯಾನು ಹತ್ತಿ ಹೋದರು, ಉಳಿಯನ್ನು ನನ್ನ ಮೆಟ್ಟಿಲ ಮೇಲೇ ಬಿಟ್ಟು.

ಊಟ ಏಪ್ರಿಲ್ 29ಕ್ಕೆ. ನನಗೆ ಐವತ್ತೇಳು. ಗಾಬ್ರಿಯೆಲ್ ಹೋಗಿ ಒಂಬತ್ತು ವರ್ಷವಾಯಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ, ಅದೇ ನನಗೆ ಗಾಬರಿ. ಇದನ್ನು ಎಷ್ಟು ಹಚ್ಚಿಕೊಳ್ಳಬೇಕು, ಎಲ್ಲಿ ಹಚ್ಚಿಕೊಳ್ಳಬೇಕು, ಇಲ್ಲವೇ ಮನಸ್ಸು ನೋಯಿಸದೆ ವಾಪಸ್ಸು ಕೊಡುವುದು ಹೇಗೆ, ತಿಳಿಸು. ಒಂದು ಕಾರ್ಡು ಸಾಕು. ಬೇರೆ ಯಾವ ಮಾತೂ ಬೇಡ.

ರೇಮೊಂದ್ ಗಿಲ್ಬೋ


ಗ್ರಾಸ್
30 ಮಾರ್ಚ್ 1974

ರೇಮೊಂದ್,

ಸೀಸೆಯ ವಿಷಯ ಕೇಳಿದ್ದೀಯ, ಸೀಸೆಯ ವಿಷಯವನ್ನೇ ಹೇಳುತ್ತೇನೆ.

ಎರಡು ತೊಟ್ಟು. ಒಂದು ಮಣಿಕಟ್ಟಿಗೆ, ಒಂದು ಕಿವಿಯ ಹಿಂದೆ. ಉಜ್ಜಬೇಡ. ರೇಷ್ಮೆಯ ಮೇಲೆ ಬೀಳಿಸಬೇಡ, ಕಲೆಯಾಗುತ್ತದೆ. ಮ್ಯುಗೆ ಬಲು ಹಗುರಾದ ಸೆಂಟು, ಹತ್ತಿರ ಬಂದವರಿಗೆ ಮಾತ್ರ ತಿಳಿಯಬೇಕು. ಹಚ್ಚಿಕೊಂಡವಳಿಗೆ ಅರ್ಧ ಗಂಟೆಯಲ್ಲಿ ತನ್ನ ವಾಸನೆ ತನಗೆ ಬರುವುದು ನಿಲ್ಲುತ್ತದೆ. ಹೋಯಿತು ಎಂದುಕೊಂಡು ಮತ್ತೆ ಸುರಿದುಕೊಳ್ಳಬೇಡ. ಹೆಂಗಸರು ಮಾಡುವ ತಪ್ಪೇ ಅದು.

ಇನ್ನೊಂದು, ನಿನಗೆ ಸಿಟ್ಟು ಬಂದಿದೆಯಲ್ಲ ಅದಕ್ಕೆ. ಆ ಸೀಸೆಯಲ್ಲಿ ಒಂದೇ ಒಂದು ಮ್ಯುಗೆ ಹೂವೂ ಇಲ್ಲ. ಈ ಹೂವು ತನ್ನ ವಾಸನೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಕುದಿಸಿದರೂ ಇಲ್ಲ, ಕೊಬ್ಬಿನಲ್ಲಿ ನೆನೆಸಿದರೂ ಇಲ್ಲ. ಇಲ್ಲಿ ಗುಲಾಬಿಯೂ ಮಲ್ಲಿಗೆಯೂ ಟನ್ನುಗಟ್ಟಲೆ ಎಣ್ಣೆ ಬಿಡುತ್ತವೆ, ಮ್ಯುಗೆ ಮಾತ್ರ ಮೊಂಡು ಹಿಡಿದು ಕೂರುತ್ತದೆ. ಹಾಗಾಗಿ ಅದರ ವಾಸನೆಯನ್ನು ಬೇರೆ ಬೇರೆ ವಸ್ತು ಸೇರಿಸಿ ಕಟ್ಟುತ್ತಾರೆ. ಅದರಲ್ಲಿ ಮುಖ್ಯವಾದದ್ದು ನೀರಿನಂತೆ ಕಾಣುವ ಒಂದು ದ್ರವ. ಅದನ್ನು ತೂಗಿ ಕೊಡುವ ಮೇಜು ನನ್ನದು, ಹದಿನೇಳು ವರ್ಷದಿಂದ.

ವಾಪಸ್ಸು ಕೊಡುವುದಾದರೆ ಮುಚ್ಚಳ ತೆರೆಯದೆ ಕೊಡು.

ಆ ಮನುಷ್ಯ ಹೇಗಿದ್ದಾರೆ? ಇದು ಸೀಸೆಯ ವಿಷಯವಲ್ಲ, ಉತ್ತರ ಬರೆಯದಿದ್ದರೂ ಸರಿ.

ಓಡೆಟ್


ಲಾ ಪಿಯೆರ್ ಬ್ಲಾಂಶ್
9 ಏಪ್ರಿಲ್ 1974

ಓಡೆಟ್,

ಮುಚ್ಚಳ ತೆರೆದಾಯಿತು. ನಿನ್ನ ಕಾಗದ ಬರುವ ಮೊದಲೇ ತೆರೆದಿದ್ದೆ.

ಹೋದ ಮಂಗಳವಾರ ಮಂಜು ಹೆಪ್ಪುಗಟ್ಟುವ ಸೂಚನೆಯಿತ್ತು. ನಾನೂ ಪಕ್ಕದ ತೋಟದ ಸಿಮೋನಳೂ ಗಾಜಿನ ಮೇಲೆ ಹುಲ್ಲಿನ ಚಾಪೆ ಹಾಸಿ ಹಾಸಿ ಬೆನ್ನು ಮುರಿದುಕೊಂಡೆವು. ಈ ಹೂವಿನ ಹಣೆಬರಹ ನಿನಗೂ ಗೊತ್ತಲ್ಲ, ಮೇ ಒಂದಕ್ಕೆ ದೇಶಕ್ಕೆ ದೇಶವೇ ಒಬ್ಬರಿಗೊಬ್ಬರು ಒಂದೊಂದು ಕಡ್ಡಿ ಕೊಡಬೇಕು, ಎರಡನೇ ತಾರೀಕು ಯಾರೂ ಮೂಸಿಯೂ ನೋಡುವುದಿಲ್ಲ. ಮುಂಚೆ ಅರಳಿದರೂ ಕೆಟ್ಟೆ, ತಡವಾದರೂ ಕೆಟ್ಟೆ. ಹಗಲೆಲ್ಲ ಚಾಪೆ ತೆಗೆ, ಚಾಪೆ ಹಾಕು. ಮೆನೊರೆ ಅವರು ಯಾರೂ ಕರೆಯದಿದ್ದರೂ ಬಂದು ನಮ್ಮ ಜೊತೆ ಚಾಪೆ ಹಾಸಿದರು. ಸೀಸೆಯ ಮಾತು ಎತ್ತಲಿಲ್ಲ. ಉಳಿ ತೆಗೆದುಕೊಂಡು ಹೋದರು.

ಹೇಗಿದ್ದಾರೆ ಎಂದು ಕೇಳಿದ್ದೀಯ. ಗಿಡ್ಡ. ತಲೆಯಲ್ಲಿ ಕೂದಲಿಗಿಂತ ಟೋಪಿ ಹೆಚ್ಚು. ಗಾಜನ್ನು ಎತ್ತಿ ಬೆಳಕಿಗೆ ಹಿಡಿದು ನೋಡುವಾಗ ಬಾಯಿ ಸ್ವಲ್ಪ ತೆರೆದಿರುತ್ತದೆ. ಕೆಲಸ ಮಾಡುವಾಗ ಮಾತಿಲ್ಲ, ಮುಗಿದ ಮೇಲೂ ಹೆಚ್ಚಿಲ್ಲ. ಹೋದ ವರ್ಷ ನನಗೆ ಜ್ವರ ಬಂದಾಗ ಮೂರು ದಿನ ಬಂದು ಚೌಕಟ್ಟುಗಳನ್ನು ತೆರೆದು ಮುಚ್ಚಿ ಹೋಗಿದ್ದರಂತೆ, ನನಗೆ ಹೇಳಲೇ ಇಲ್ಲ, ಸಿಮೋನ್ ಹೇಳಿದ್ದು.

ಸಂಜೆ ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ತೊಟ್ಟು ಹಚ್ಚಿಕೊಂಡೆ, ನೀನು ಹೇಳಿದ ಜಾಗಗಳಲ್ಲೇ. ಮೊದಲು ಏನೂ ಅನಿಸಲಿಲ್ಲ. ಆಮೇಲೆ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತ ಕೂತಿದ್ದಾಗ ಮಣಿಕಟ್ಟಿನಿಂದ ಬಂತು. ನಮ್ಮ ಮ್ಯುಗೆ ಹೌದು, ಆದರೆ ಕೆಸರಿಲ್ಲ, ಸೊಂಟನೋವಿಲ್ಲ, ಅವಸರವಿಲ್ಲ. ಮೂವತ್ತೆರಡು ವರ್ಷದಲ್ಲಿ ಈ ಹೂವನ್ನು ನಾನು ಮೂಸಿಯೇ ಇರಲಿಲ್ಲವೇನೋ. ಸಿಪ್ಪೆ ತೆಗೆಯುವುದನ್ನು ನಿಲ್ಲಿಸಿ ಮುದುಕಿಯ ಹಾಗೆ ಕಣ್ಣೀರು ಹಾಕಿದೆ. ಯಾತಕ್ಕೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ಆದರೆ ಊರವರು ಏನೆಂದಾರು? ಸಿಮೋನಳ ಬಾಯಿ ನಿನಗೆ ಗೊತ್ತು. ಅಮ್ಮ ಇದ್ದಿದ್ದರೆ ಕೇಳಬಹುದಿತ್ತು. ಬಿಡು.

ರೇಮೊಂದ್


ಗ್ರಾಸ್
16 ಏಪ್ರಿಲ್ 1974

ರೇಮೊಂದ್,

ಹಚ್ಚಿಕೋ.

ಊರವರು ಏನೆಂದಾರು ಎಂದು ನನ್ನನ್ನು ಕೇಳುತ್ತೀಯ. ನಿನ್ನ ಮೊದಲ ಕಾಗದ ಬಂದಾಗ ನನಗೆ ಹರಿಯಬೇಕು ಎನಿಸಿದ್ದು ನಿಜ. ಅಮ್ಮನ ಮಣ್ಣಿನ ದಿನ ಚರ್ಚಿನ ಬಾಗಿಲಲ್ಲಿ ಮನೆಯವರೆಲ್ಲ ಸಾಲಾಗಿ ನಿಂತಿದ್ದೆವು, ಊರವರು ಒಬ್ಬೊಬ್ಬರಾಗಿ ಕೈ ಮುಟ್ಟಿ ಹೋಗುತ್ತಿದ್ದರು. ನೀನು ಎಲ್ಲರೆದುರು ನನ್ನ ಕಡೆ ತಿರುಗಿ, "ಹೆತ್ತವಳ ಹೆಣದ ಮುಂದೆ ಮ್ಯುಗೆ ಸೆಂಟು ಹಾಕ್ಕೊಂಡ್ ಬಂದಿದೀಯಲ್ಲ, ನಾಚಿಕೆ ಆಗಲ್ವಾ? ನನ್ ಪಕ್ಕ ನಿಂತ್ಕೋಬೇಡ, ಹೋಗ್ ಆ ಕಡೆ" ಎಂದೆ. ನಾನು ಆ ಕಡೆ ಹೋದೆ, ಅಲ್ಲಿಂದ ಸ್ಟೇಷನ್ನಿಗೆ ಹೋದೆ. ಈಗ ಅದೇ ಅಕ್ಕ ಸೆಂಟು ಎಷ್ಟು ಹಚ್ಚಿಕೊಳ್ಳಲಿ ಎಂದು ನನ್ನನ್ನೇ ಕೇಳುತ್ತಾಳೆ. ಇಲ್ಲಿ ನನ್ನ ಪಕ್ಕದ ಮೇಜಿನವಳಿಗೆ ಓದಿ ಹೇಳಿದೆ, ಅವಳು ನಕ್ಕು ನಕ್ಕು ತಕ್ಕಡಿಗೆ ಕೈ ತಾಗಿಸಿದಳು.

ಅದರ ಬಗ್ಗೆ ನಾನು ಇನ್ನು ಬರೆಯುವುದಿಲ್ಲ. ಬೇರೆ ಮಾತು ಬೇಡ ಎಂದವಳು ನೀನೇ.

ಕರೆಯದೆ ಬಂದು ಚಾಪೆ ಹಾಸಿದ ಗಂಡಸು ನಿನಗೆ ಇನ್ನೆಲ್ಲಿ ಸಿಗುತ್ತಾನೆ? ನೀಲಿ ಲಂಗ ಹಾಕಿಕೋ. ಆ ಕಂದು ಬಣ್ಣದ್ದು ಇನ್ನೂ ಇದ್ದರೆ ನೆಲ ಒರೆಸಲು ಇಟ್ಟುಕೋ.

ಓಡೆಟ್


ಲಾ ಪಿಯೆರ್ ಬ್ಲಾಂಶ್
2 ಮೇ 1974

ಓಡೆಟ್,

ಎಲ್ಲ ಕೆಟ್ಟಿತು. ಕೂತು ಕೇಳು.

ಹೂವು ಮಾತ್ರ ಈ ಸಲ ಚಿನ್ನ. ಇಪ್ಪತ್ತಾರಕ್ಕೆ ಸರಿಯಾಗಿ ಬಾಯಿ ಬಿಟ್ಟಿತು. ಹದಿನಾಲ್ಕು ಜನ ಹೆಂಗಸರು ಮೂರು ದಿನ ಕಿತ್ತು, ಕಟ್ಟು ಕಟ್ಟಿ, 29ರ ಬೆಳಿಗ್ಗೆ ಕೊನೆಯ ಲೋಡು ತಯಾರಾಯಿತು. ನಾಂಟ್ ಅಂಗಡಿಗಳಿಗೆ ಹೋಗುವ ಲಾರಿ ಮೂರು ಗಂಟೆಗೆ. ಹೊರಗೆ ಗಾಳಿ ಜೋರಾಗಿತ್ತು. ಊಟದ ಮೇಜನ್ನು ಎಂದಿನಂತೆ ಶೆಡ್ಡಿನೊಳಗೇ ಹಾಕಿದೆವು. ಸುತ್ತ ಪೆಟ್ಟಿಗೆಗಳು ಸೂರಿನವರೆಗೆ.

ನಾನು ನೀಲಿ ಲಂಗ ಉಟ್ಟೆ. ಎರಡು ತೊಟ್ಟು ಹಚ್ಚಿದೆ. ಧೈರ್ಯಕ್ಕೆ ಎಂದು ಮೂರನೆಯದನ್ನೂ ಹಚ್ಚಿದೆ, ಬೈಯಬೇಡ. ಮೆನೊರೆ ಅವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದರು. ನಾನೇ ನನ್ನ ಪಕ್ಕದ ಕುರ್ಚಿ ಎಳೆದು ಕೂರಿಸಿದೆ. ಹೊಳೆ ಮೀನು, ಬೆಣ್ಣೆ ಸಾರು, ಮಸ್ಕಡೆ ವೈನು. ಅವರು ಬ್ರೆಡ್ಡು ಕೊಡುವ ನೆಪದಲ್ಲಿ ನನ್ನ ಕಡೆ ಬಾಗಿದರು. ಮೂಸಿದರು. ಉಪ್ಪು ಕೇಳುವ ನೆಪದಲ್ಲಿ ಮತ್ತೆ ಬಾಗಿದರು. ನಾನು ಕಿವಿಯನ್ನು ಅವರ ಕಡೆಗೇ ಹಿಡಿದು ಕೂತಿದ್ದೆ.

ಸಿಮೋನ್ ಬಿಡುತ್ತಾಳೆಯೇ! "ಏನ್ರೀ ಮೆನೊರೆ, ನೆಗಡಿನಾ? ಆವಾಗ್ಲಿಂದ ಮೂಗು ಎಳೀತಾನೇ ಇದೀರಾ" ಎಂದಳು. ಹದಿನಾಲ್ಕು ಜನವೂ ತಿರುಗಿ ನೋಡಿದರು. ಅವರು ತಟ್ಟೆ ನೋಡುತ್ತ, "ಇಲ್ಲ, ಹೂವಿನ್ ವಾಸನೆ ಚೆನ್ನಾಗಿದೆ ಅಂತ" ಎಂದರು. ಆಮೇಲೆ ಬಾಗಲಿಲ್ಲ. ಗ್ಲಾಸಿನಲ್ಲಿ ಅರ್ಧ ವೈನು ಬಿಟ್ಟು ಎದ್ದರು. ಟೋಪಿ ಕೈಯಲ್ಲಿ ಹಿಡಿದು, "ಮದಾಮ್ ಗಿಲ್ಬೋ, ಊಟ ಬಹಳ ಚೆನ್ನಾಗಿತ್ತು. ನಾನು ಹೇಳಿದ ಮಾತಿನ ಮೇಲೇ ಇರ್ತೀನಿ, ಯೋಚ್ನೆ ಮಾಡ್ಬೇಡಿ" ಎಂದು ಹೊರಟೇ ಹೋದರು.

ಮೂಸಿ ನೋಡಿ ಮನಸ್ಸು ಬದಲಾಯಿಸಿದರು ಎಂದೇ ತಿಳಿದೆ. ವಯಸ್ಸಾದವಳಿಗೆ ಇದೆಲ್ಲ ಒಪ್ಪುವುದಿಲ್ಲ ಎನಿಸಿತೇನೋ ಎಂದುಕೊಂಡೆ. ಲಾರಿ ಬಂತು, ಪೆಟ್ಟಿಗೆ ಹೋದವು, ಹೆಂಗಸರು ಮನೆಗೆ ಹೋದರು. ನಾನು ಬಾವಿಕಟ್ಟೆಯ ಹತ್ತಿರ ಹೋಗಿ ಗಾಳಿಯಲ್ಲಿ ನಿಂತೆ. ಆಗ ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದಾಗ ಮಣಿಕಟ್ಟಿನಿಂದ ವಾಸನೆ ಬಂತು, ಅಷ್ಟು ಹೊತ್ತಿನ ಮೇಲೂ. ಆಗ ನನ್ನ ದಡ್ಡತನ ನನಗೆ ಹೊಳೆಯಿತು. ಓಡೆಟ್, ಆ ಶೆಡ್ಡಿನಲ್ಲಿ ಮ್ಯುಗೆ ಕಡ್ಡಿ ನಲವತ್ತು ಸಾವಿರ ಇದ್ದವು! ಅದರ ನಡುವೆ ಮೂರು ತೊಟ್ಟು ಮ್ಯುಗೆ ಹಚ್ಚಿಕೊಂಡು ಕೂತವಳು ನಾನು! ನಾನೂ ಯೋಚಿಸಲಿಲ್ಲ, ಅವರೂ ಯೋಚಿಸಲಿಲ್ಲ.

ಅವರು ನಾನು ಬೇಡ ಎಂದೆ ಎಂದು ತಿಳಿದು ಹೋಗಿದ್ದಾರೆ. ಮತ್ತೆ ಕೇಳುವುದಿಲ್ಲ ಎಂದವರು ಕೇಳುವುದಿಲ್ಲ, ಅಂಥ ಮನುಷ್ಯ. ನಾನು ಈ ವಯಸ್ಸಿನಲ್ಲಿ ಅವರ ಬಾಗಿಲಿಗೆ ಹೋಗಿ, ಸ್ವಲ್ಪ ನನ್ನ ಕೈ ಮೂಸಿ ಎನ್ನಲೇ?

ಅಕ್ಕ ರೇಮೊಂದ್


ಲಾ ಪಿಯೆರ್ ಬ್ಲಾಂಶ್
5 ಮೇ 1974

ಓಡೆಟ್,

ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ.

ನಿನ್ನೆ ಬೆನ್ನಿನ ಮುಲಾಮಿಗೆಂದು ನಾಂಟ್‌ಗೆ ಹೋಗಿದ್ದೆ. ಸೆಂಟು ಹಚ್ಚಿರಲಿಲ್ಲ. ಮೈ ತಿಕ್ಕಿ ಸ್ನಾನ ಮಾಡಿದ್ದೆ, ಒಗೆದ ಬಟ್ಟೆ ಹಾಕಿದ್ದೆ. ಔಷಧಿ ಅಂಗಡಿಯ ಹುಡುಗಿ ನಕ್ಕು, "ಎಂಥ ಒಳ್ಳೇ ಮ್ಯುಗೆ ಸೆಂಟು ಮದಾಮ್, ಯಾವ ಕಂಪನಿದು?" ಎಂದಳು. "ಏನೂ ಹಾಕಿಲ್ಲಮ್ಮ, ನಾನು ಅದನ್ನ ಬೆಳೆಯೋಳು" ಎಂದೆ. ಅವಳು ನಂಬಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ನೋಡಿದಳು.

ಬಸ್ಸಿನಲ್ಲಿ ಕೂತಾಗ ಆ ಹುಡುಗಿಯ ಮುಖ ಕಣ್ಣಿನಿಂದ ಹೋಗಲಿಲ್ಲ. ನಿನ್ನನ್ನು ಅವತ್ತು ನಾನು ಹಾಗೆಯೇ ನೋಡಿದ್ದೆ.

ಒಂದೇ ಪ್ರಶ್ನೆ ಕೇಳುತ್ತೇನೆ. ಅಮ್ಮನ ಮಣ್ಣಿನ ದಿನ ನೀನು ಹಚ್ಚಿಕೊಂಡಿದ್ದೆಯಾ?

ರೇಮೊಂದ್


ಗ್ರಾಸ್
9 ಮೇ 1974

ಅಕ್ಕ,

ಇಲ್ಲ.

ಅಮ್ಮ ಹೋದ ತಂತಿ ಕಾರ್ಖಾನೆಗೇ ಬಂತು. ನಾನು ಮನೆಗೆ ಹೋಗಿ ಮಾರ್ಸೇ ಸೋಪು ಹಾಕಿ ಮೂರು ಸಲ ಕೂದಲು ತೊಳೆದೆ. ಉಗುರಿನ ಸಂದಿಯನ್ನೂ ಬ್ರಶ್ಶಿನಲ್ಲಿ ಉಜ್ಜಿದೆ. ನನ್ನ ಕೋಟಿನಲ್ಲಿ ವಾಸನೆ ಇರಬಹುದೆಂದು ಪಕ್ಕದ ಮನೆಯವಳ ಕಪ್ಪು ಕೋಟು ಕೇಳಿ ಹಾಕಿಕೊಂಡೆ. ನಾವು ತೂಗುವವರಿಗೆ ಅದು ಚರ್ಮದೊಳಗೆ ಸೇರಿರುತ್ತದೆ. ನಮ್ಮ ಮೂಗಿಗೆ ಮಾತ್ರ ಬರುವುದಿಲ್ಲ. ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಕಿಟಕಿ ತೆರೆದಾಗ ನನಗೆ ಅನುಮಾನ ಬಂತು. ದಾರಿಯಲ್ಲಿ ತೂರ್ ಸ್ಟೇಷನ್ನಿನ ನಲ್ಲಿಯಲ್ಲಿ ಮತ್ತೆ ಕೈ ತೊಳೆದೆ. ಫೆಬ್ರವರಿ ತಿಂಗಳು, ನೀರು ಹಿಮವಾಗಿತ್ತು. ಅಮ್ಮನ ಮುಂದೆ ಸ್ವಚ್ಛವಾಗಿ ನಿಲ್ಲಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ಅವತ್ತೇ ಹೇಳಬೇಕಿತ್ತು ಎನ್ನಬಹುದು ನೀನು. ಹೇಳಬಹುದಿತ್ತು. ಆದರೆ ನೀನು ಕೇಳಲಿಲ್ಲ, ನೀನೇ ತೀರ್ಪು ಹೇಳಿಬಿಟ್ಟೆ. ಕೇಳದವಳಿಗೆ ಉತ್ತರ ಕೊಡಬಾರದು ಎಂಬ ಸೊಕ್ಕು ನನಗೂ ಇದೆ, ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಆರು ವರ್ಷ ಪ್ರತಿ ಮೇ ಒಂದರಂದು ಇಲ್ಲಿಯ ಮಾರುಕಟ್ಟೆಯಲ್ಲಿ ಒಂದು ಕಡ್ಡಿ ಕೊಳ್ಳುತ್ತಿದ್ದೆ. ನಿನ್ನ ತೋಟದ್ದು ಇರಬಹುದೇ ಎಂದು ಕಟ್ಟಿನ ದಾರ ನೋಡುತ್ತಿದ್ದೆ. ಈಗ ನೀನು ಕೇಳಿದೆ, ನಾನು ಹೇಳಿದೆ.

ಇನ್ನು ನಿನ್ನ ಗಾಜಿನವರ ವಿಷಯ. ನಾನು ಬಾಯಿ ಮುಚ್ಚಿಕೊಂಡು ರೈಲು ಹತ್ತಿದ್ದಕ್ಕೆ ನಮಗೆ ಆರು ವರ್ಷ ಹೋಯಿತು. ನಿನಗೆ ಹಾಗೆ ಕಳೆಯಲು ವರ್ಷಗಳೆಲ್ಲಿವೆ? ಎದ್ದು ಹೋಗು. ಹೂವಿಲ್ಲದ ಜಾಗಕ್ಕೆ ಹೋಗು. ಎರಡೇ ತೊಟ್ಟು.

ನಿನ್ನ ಓಡೆಟ್


ಲಾ ಪಿಯೆರ್ ಬ್ಲಾಂಶ್
21 ಮೇ 1974

ಓಡೆಟ್, ನನ್ನ ತಂಗಿ,

ತಪ್ಪು ನನ್ನದು. ಸುತ್ತು ಬಳಸಿ ಹೇಳುವುದಿಲ್ಲ. ಆ ದಿನ ಅಮ್ಮ ಹೋದ ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ನಿನ್ನ ಮೇಲೆ ತೀರಿಸಿದೆ. ಕೊನೆಯ ನಾಲ್ಕು ತಿಂಗಳು ಅವಳನ್ನು ಎತ್ತಿ ಇಳಿಸಿದವಳು ನಾನು, ನೀನು ದೂರ ಇದ್ದೆ, ಅದಕ್ಕೆ ಒಳಗೊಳಗೇ ಕುದಿಯುತ್ತಿದ್ದೆ. ಸೆಂಟು ಒಂದು ನೆಪವಾಯಿತು. ನಿನ್ನ ಕಾಗದ ಓದಿ ನೀರಿನ ನಲ್ಲಿಯ ಹತ್ತಿರ ನಿಂತವಳು ಅರ್ಧ ದಿನ ಅಲ್ಲೇ ನಿಂತಿದ್ದೆ.

ಊರವರೆದುರು ಅಂದ ಮಾತನ್ನು ಊರವರೆದುರೇ ವಾಪಸ್ಸು ತೆಗೆದುಕೊಂಡೆ. ಭಾನುವಾರ ಪೂಜೆ ಮುಗಿದು ಎಲ್ಲರೂ ಬ್ರೆಡ್ಡಿನ ಅಂಗಡಿಯಲ್ಲಿ ಸಾಲು ನಿಂತಿದ್ದರು. ನಾನು ಗಟ್ಟಿಯಾಗಿ, "ನಮ್ ಓಡೆಟ್ ಅಮ್ಮನ್ ಮಣ್ಣಿಗೆ ಸೆಂಟ್ ಹಾಕ್ಕೊಂಡ್ ಬಂದಿರ್ಲಿಲ್ಲ. ಅದು ಅವಳ ಕೆಲಸದ ವಾಸನೆ. ನಾನು ಸುಳ್ಳು ಹೇಳ್ದೆ" ಎಂದೆ. ಆಮೇಲೆ ಸಿಮೋನ್, "ನಮ್ ಮೈಯಲ್ಲಿ ಈರುಳ್ಳಿ ಬರಲ್ವಾ, ಹಾಗೇ" ಎಂದು ತನ್ನ ಬ್ರೆಡ್ಡು ತೆಗೆದುಕೊಂಡಳು. ಅವಳ ಬಾಯಿಗೆ ನಾನು ಮೊದಲ ಸಲ ಕೈ ಮುಗಿದೆ.

ಈಗ ಇನ್ನೊಂದು. ಮೆನೊರೆ ಅವರ ಅಂಗಡಿಗೆ ಹೋಗಲು ನನಗೆ ಒಂದು ಕಾರಣ ಬೇಕಿತ್ತು. ಆಲಿಕಲ್ಲು ಬರಲಿ ಎಂದು ಒಂದು ವಾರ ಆಕಾಶ ನೋಡಿದೆ, ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಾಲಿನ ಮರದ ಚಪ್ಪಲಿ ತೆಗೆದು ಒಂದು ಚೌಕಟ್ಟಿನ ಗಾಜು ನಾನೇ ಒಡೆದೆ. ಮೂವತ್ತೆರಡು ವರ್ಷದಲ್ಲಿ ಒಂದು ಗಾಜು ಸೀಳಿದರೆ ಊಟ ಬಿಡುತ್ತಿದ್ದವಳು! ಆಮೇಲೆ ಎರಡು ತೊಟ್ಟು ಹಚ್ಚಿಕೊಂಡು, ಚೌಕಟ್ಟನ್ನು ಕೈಗಾಡಿಯಲ್ಲಿಟ್ಟು ದೂಡಿಕೊಂಡು ಹೋದೆ.

ಅವರ ಅಂಗಡಿಯಲ್ಲಿ ಅಗಸೆ ಎಣ್ಣೆಯ ಘಾಟು, ಗಾಜು ಕೂರಿಸುವ ಪುಟ್ಟಿಯ ಘಾಟು, ಬೇರೇನಿಲ್ಲ. ಅವರು ನನ್ನನ್ನು ನೋಡಿ ಟೋಪಿ ತೆಗೆದರು, ಮುಖದಲ್ಲಿ ಏನೂ ತೋರಿಸಲಿಲ್ಲ. "ಆಲಿಕಲ್ಲಾ ಮದಾಮ್?" ಎಂದರು. "ಇಲ್ಲ" ಎಂದೆ. ಅವರು ಅಳತೆ ತೆಗೆಯಲು ಚೌಕಟ್ಟಿನ ಮೇಲೆ ಬಾಗಿದರು. ನಾನು ಇನ್ನೊಂದು ತುದಿ ಹಿಡಿದಿದ್ದೆ. ಅಳತೆಪಟ್ಟಿ ಅರ್ಧಕ್ಕೆ ನಿಂತಿತು. ನನ್ನ ಕೈ ನೋಡಿದರು, ಮುಖ ನೋಡಿದರು. ಮೇ ಇಪ್ಪತ್ತು, ಊರಲ್ಲಿ ಒಂದೇ ಒಂದು ಮ್ಯುಗೆ ಇಲ್ಲ.

"ಇವತ್ತಾ?" ಎಂದರು.

"ಅವತ್ತೂ" ಎಂದೆ. "ಮೂರು ತೊಟ್ಟು. ನಿಮ್ಮ ಮೂಗಿನ ಕೆಳಗೇ ಕೂತಿದ್ದೆ."

ಅವರು ಪುಟ್ಟಿಯ ಡಬ್ಬದ ಮೇಲೆ ಕೂತುಬಿಟ್ಟರು. ಮುಚ್ಚಳ ಹಾಕಿರಲಿಲ್ಲ, ಪ್ಯಾಂಟು ಹಾಳಾಯಿತು. "ನಲವತ್ತು ಸಾವಿರ ಹೂವಿನ್ ಮಧ್ಯೆ ನಾನು ಒಂದು ಸೀಸೆ ಹುಡುಕ್ತಾ ಇದ್ನಾ" ಎಂದು ತಲೆ ಮೇಲೆ ಕೈ ಇಟ್ಟುಕೊಂಡು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಮೂರು ವಾರ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಬೆಳೆಯುವವಳಿಗೆ ಅದೇ ಹೂವಿನ ಸೆಂಟು ಯಾಕೆ ಕೊಟ್ಟಿರಿ ಎಂದು ಕೇಳಿಯೇ ಬಿಟ್ಟೆ. "ಅಂಗಡಿ ಹುಡುಗಿ, ಆಕೆಗೆ ಏನಿಷ್ಟ ಅಂತ ಕೇಳಿದ್ಲು. ನಿಮ್ಮನ್ನ ನಾನು ನೋಡಿರೋದೆಲ್ಲ ಮ್ಯುಗೆ ಜೊತೇನೇ. ಬೇರೆ ಏನೂ ಗೊತ್ತಿರ್ಲಿಲ್ಲ" ಎಂದರು.

ಒಡೆದದ್ದು ನಾನೇ ಎಂದು ಹೇಳಿದೆ. ಅವರಿಗೆ ಅದು ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟ ಹಾಗೆ ಕಂಡಿತು.

ನಿನ್ನ ಅಕ್ಕ


ಲಾ ಪಿಯೆರ್ ಬ್ಲಾಂಶ್
18 ಜೂನ್ 1974

ಓಡೆಟ್,

ನಿನ್ನ ಎರಡೂ ಕಾಗದ ಬಂದವು. ಅರಿಸ್ತೀದ್ ನಿನ್ನ ಹಳೆಯ ಕಾಗದಗಳನ್ನೂ ಓದಲು ಕೇಳಿದರು, ಕಂದು ಲಂಗದ ಮಾತು ಇರುವುದನ್ನು ಮಾತ್ರ ಕೊಡಲಿಲ್ಲ. ಅವರು ಇಲ್ಲಿಗೇ ಬಂದು ಇರುತ್ತಾರೆ, ಅಂಗಡಿ ಅಲ್ಲೇ ಇರುತ್ತದೆ. ಮದುವೆ ಸಣ್ಣದು, ಊರಿನ ಕಚೇರಿಯಲ್ಲಿ ಸಹಿ, ಆಮೇಲೆ ಊಟ. ಈ ಸಲ ಮೇಜು ಅಂಗಳದಲ್ಲಿ.

ಇವತ್ತು ಹೆಸರು ಬರೆಸಲು ಕಚೇರಿಗೆ ಹೋಗಿದ್ದೆ. ಅಲ್ಲಿಯ ಗುಮಾಸ್ತ ಆಂಜೆ ಊರಿನ ಕಡೆಯವನು, ಬಂದು ಮೂರು ವರ್ಷವಾಯಿತು. ಬರೆದುಕೊಳ್ಳುತ್ತ, "ನಿಮ್ಮ ಕಡೆ ಸಾಕ್ಷಿ ಯಾರು ಮದಾಮ್?" ಎಂದ.

"ಓಡೆಟ್ ಬುರೋ. ಗ್ರಾಸ್. ಸೆಂಟಿನ ಕಾರ್ಖಾನೇಲಿ ತೂಕದ ಮೇಜು."

"ಬುರೋ ಅಂದ್ರೆ ನಿಮ್ಮ ತವರಿನ ಹೆಸರಲ್ವಾ? ಇವ್ರು ಏನಾಗ್ಬೇಕು ನಿಮಗೆ?"

"ತಂಗಿ."

ಅವನು ಪೆನ್ನು ಎತ್ತಿ ನನ್ನನ್ನು ನೋಡಿದ. "ನಿಮಗೆ ತಂಗಿ ಇದಾರಾ? ಮೂರು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ವಲ್ಲ."

ನನ್ನ ಮುಖಕ್ಕೆ ರಕ್ತ ನುಗ್ಗಿತು. ಸಿಟ್ಟಲ್ಲ, ಬೇರೆ. "ಇದಾಳೆ. ಬರ್ಕೊಳ್ಳಿ" ಎಂದೆ.

ಬರೆದು ಕಾಗದ ತಿರುಗಿಸಿ ತೋರಿಸಿದ. ನನ್ನ ಹೆಸರಿನ ಪಕ್ಕದಲ್ಲೇ ನಿನ್ನ ಹೆಸರು, ಅದರ ಕೆಳಗೆ ಸಹಿಗೆ ಖಾಲಿ ಜಾಗ. ಸೆಪ್ಟೆಂಬರ್ ಏಳು, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬಂದು ಹಾಕು.

ಅಕ್ಕ